ಮಗಳಿಗೆ ಇಂಜಿನಿಯರಿಂಗ್: ಪ್ಲಸ್ ಟು ಇಲ್ಲೇ ಓದಿಸುವುದೋ, ಮಂಗಳೂರಿನಲ್ಲಿ ಪಿಯುಸಿಯೋ?

ಕುಂಬಳೆಯವ
ಮಗಳು ಒಂದರಿಂದ ಹತ್ತರವರೆಗೆ ಇಲ್ಲೇ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೇ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಕಂಪ್ಯೂಟರ್ ಸೈನ್ಸ್ ಬೇಕಂತೆ. ಮಂಗಳೂರಿನಲ್ಲಿ ಪಿಯುಸಿ ಮಾಡಿಸಿದರೆ ಕೇರಳದ ಸೀಟು ತಪ್ಪುತ್ತದಾ? ಇಲ್ಲೇ ಪ್ಲಸ್ ಟು ಮಾಡಿದರೆ ಕರ್ನಾಟಕದ ಸಿಇಟಿ ಬರೆಯಲಾಗುವುದಿಲ್ಲವಾ? ಬಲ್ಲವರು ತಿಳಿಸಿ.

ಪಯಸ್ವಿನಿ
ಎರಡೂ ಭಯ ಬೇಡ: ಕೇರಳದ ಸೀಟೂ ತಪ್ಪುವುದಿಲ್ಲ, ಸಿಇಟಿಯೂ ಬರೆಯಬಹುದು. ನಿಜವಾಗಿ ವ್ಯತ್ಯಾಸವಾಗುವುದು ಎನ್‌ಐಟಿ (ಕೇಂದ್ರ ಸರಕಾರದ ಇಂಜಿನಿಯರಿಂಗ್ ಕಾಲೇಜು) ವಿಷಯದಲ್ಲಿ. ಅಲ್ಲಿ ಅರ್ಧ ಸೀಟು ಹೋಂ ಸ್ಟೇಟ್‌ನವರಿಗೆ, ಮತ್ತು ಹೋಂ ಸ್ಟೇಟ್ ಎಂದರೆ ಹನ್ನೆರಡನೆಯದನ್ನು ಪಾಸಾದ ರಾಜ್ಯ. ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕುಂಬಳೆಯಲ್ಲಿ ಪ್ಲಸ್ ಟು ಆದರೆ ಕ್ಯಾಲಿಕಟ್ ಎನ್‌ಐಟಿಯಲ್ಲಿ ನೀವು ಹೋಂ ಸ್ಟೇಟ್‌ನವರು, ಮಂಗಳೂರಿನಲ್ಲಿ ಪಿಯುಸಿ ಆದರೆ ಸುರತ್ಕಲ್‌ನಲ್ಲಿ. ಎನ್‌ಐಟಿಗೆ ಬರೆಯುವ ಜೆಇಇ ಮೇನ್ ಗುರಿಯಿದ್ದರೆ ಮಾತ್ರ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಕೀಮ್‌ಗೆ (ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಮೂಲತಃ ಕೇರಳದವರಾದರೆ ಸಾಕು, ಪಿಯುಸಿ ಎಲ್ಲಿ ಆಗಿದ್ದರೂ ಅಡ್ಡಿಯಿಲ್ಲ. ಪೊವ್ವಲ್‌ನ ಎಲ್‌ಬಿಎಸ್, ಕಣ್ಣೂರಿನ ಸರಕಾರಿ ಕಾಲೇಜು ಎಲ್ಲ ಈ ದಾರಿಯಲ್ಲೇ.

ಮೇಷ್ಟ್ರು_ಬದಿಯಡ್ಕ
ಸಿಇಟಿಗೆ ನಿಮ್ಮ ದಾರಿ 'ಗಡಿನಾಡು ಕನ್ನಡಿಗ' ಕ್ಲಾಸ್ (clause), ಅಂದರೆ ಗಡಿಭಾಗದವರಿಗಿರುವ ಅರ್ಹತಾ ನಿಯಮ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಇರಬೇಕು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ಒಂದರಿಂದ ಹನ್ನೆರಡರ ಒಳಗೆ ಯಾವುದಾದರೂ 7 ವರ್ಷ ಓದಿರಬೇಕು, ಹತ್ತು ಅಥವಾ ಹನ್ನೆರಡು ಅಲ್ಲೇ ಪಾಸಾಗಿರಬೇಕು. ಹಾಗಾಗಿ ಮಗಳು ಪಿಯುಸಿಗೆ ಮಂಗಳೂರಿಗೆ ಹೋದರೂ ಅರ್ಹತೆ ಉಳಿಯುತ್ತದೆ. ಸಿಇಟಿ ಜೊತೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಪ್ರಶ್ನೆಗಳು ಸುಲಭ, ಆದರೆ ಅದಕ್ಕೆ ಗೈರಾದರೆ ಸಿಇಟಿಯಲ್ಲಿ ಎಷ್ಟು ಅಂಕ ತೆಗೆದರೂ ಈ ಕ್ಲಾಸ್‌ನಲ್ಲಿ ಸೀಟಿಲ್ಲ.

ಹುಡುಗರು ಎಡವುವುದು ಕಾಗದಪತ್ರದಲ್ಲಿ. ಪ್ರತಿ ಶಾಲೆಯಿಂದಲೂ ಯಾವ ವರ್ಷ ಯಾವ ತರಗತಿ ಎಂದು ಬರೆದ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆ ಬದಲಿಸಿದವರು ಒಂದರದ್ದು ಬಿಟ್ಟರೂ 7 ವರ್ಷದ ಲೆಕ್ಕ ತಪ್ಪುತ್ತದೆ. ಆಧಾರ್‌ನಲ್ಲಿ ಮನೆತನದ ಹೆಸರು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೀ ಇನಿಶಿಯಲ್ ಇದ್ದರೆ ಈಗಲೇ ಸರಿಮಾಡಿಸಿ. ವಿಲೇಜ್ ಆಫೀಸಿನ ಕೆಲಸವನ್ನು ಪರೀಕ್ಷೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಪ್ಲಸ್ ಟು ಇಲ್ಲೇ ಮಾಡಿದವರು ಭೌತ, ರಸಾಯನ, ಗಣಿತದ ಅಂಕಗಳನ್ನು ಕೆಇಎ ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ರ‍್ಯಾಂಕ್‌ನಲ್ಲಿ ಅರ್ಧ ತೂಕ ಆ ಅಂಕಗಳದ್ದು, ತುಂಬದಿದ್ದರೆ ಇಂಜಿನಿಯರಿಂಗ್ ರ‍್ಯಾಂಕೇ ಬರುವುದಿಲ್ಲ.

ಕುಂಬಳೆಯವ
ಧನ್ಯವಾದ ಮೇಷ್ಟ್ರೇ. ಸಿಇಟಿ, ಕೀಮ್ ಎರಡಕ್ಕೂ ಒಂದೇ ತಯಾರಿ ಸಾಕಾ? ಕಾಲೇಜು ಒಳ್ಳೆಯದೋ ಅಲ್ಲವೋ ಎಂದು ಹೇಗೆ ತಿಳಿಯುವುದು?

ವಿಟಿಯು_ಹಳಬ
ಪಾಠ ಹೆಚ್ಚುಕಡಿಮೆ ಒಂದೇ, ಬರೆಯುವ ರೀತಿ ಬೇರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬಾರದು. ಕೀಮ್‌ನಲ್ಲಿ 150 ಪ್ರಶ್ನೆ, ಅದರಲ್ಲಿ ಗಣಿತವೇ 75. ಸರಿಗೆ 4, ತಪ್ಪಿಗೆ 1 ಕಡಿತ. ಗಣಿತ ಗಟ್ಟಿಯಿದ್ದವರಿಗೆ ಕೀಮ್ ಅನುಕೂಲ.

ಕಾಲೇಜಿನ ಜಾಹೀರಾತು ಬಿಡಿ. ಕೇಂದ್ರ ಸರಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಪಿಡಿಎಫ್ ಕಾಲೇಜಿನ ಜಾಲತಾಣದಲ್ಲೇ ಇರುತ್ತದೆ. ಪಾಸಾದವರೆಷ್ಟು, ಕೆಲಸ ಸಿಕ್ಕಿದ್ದೆಷ್ಟು ಮಂದಿಗೆ, ಮೀಡಿಯನ್ (ನಟ್ಟನಡುವಿನವನ) ಸಂಬಳವೆಷ್ಟು, ಎಲ್ಲ ಅದರಲ್ಲಿದೆ. 'ಗರಿಷ್ಠ ಪ್ಯಾಕೇಜ್' ಒಬ್ಬನದ್ದು, ಅದರಿಂದ ಏನೂ ತಿಳಿಯದು. ಎನ್‌ಬಿಎ (ಕೋರ್ಸುಗಳ ಗುಣಮಟ್ಟ ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇಡೀ ಕಾಲೇಜಿಗಲ್ಲ, ಬ್ರಾಂಚಿಗೆ ಸಿಗುವಂಥದ್ದು. ನಿಮಗೆ ಬೇಕಾದ ಬ್ರಾಂಚಿಗೆ ಇದೆಯೇ ಎಂದೇ ನೋಡಿ. ನಿನ್ನೆ ಮೊನ್ನೆ ಶುರುವಾದ ಎಐ, ಡೇಟಾ ಸೈನ್ಸ್ ಬ್ರಾಂಚುಗಳಲ್ಲಿ ಯಾವ ಬ್ಯಾಚೂ ಹೊರಬಿದ್ದಿರದಿದ್ದರೆ ನನ್ನ ಮಟ್ಟಿಗೆ ಹಳೆಯ ಕಂಪ್ಯೂಟರ್ ಸೈನ್ಸೇ ವಾಸಿ.

ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ) ರ‍್ಯಾಂಕ್ ನೋಡಿ ಹೆದರಿ ಮೇಲಿನ ಕಾಲೇಜು ಬಿಡಬೇಡಿ, ಇಷ್ಟದ ಕ್ರಮದಲ್ಲೇ ಹಾಕಿ. ಸೀಟು ಸಿಕ್ಕ ಮೇಲೆ ಚಾಯ್ಸ್ 2 (ಸಿಕ್ಕಿದ್ದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೂ ಹೋಗುವುದು) ಒತ್ತಿದರೆ, ಮುಂದಿನ ಸುತ್ತಿನಲ್ಲಿ ಮೇಲಿನದ್ದು ಬಂದ ಕ್ಷಣ ಹಳೆಯದು ರದ್ದು. ಪುತ್ತೂರು, ಅಡ್ಯಾರ್, ವಾಮಂಜೂರಿನ ಕಾಲೇಜುಗಳನ್ನು ಸಾಲಾಗಿ ಹಾಕುವಾಗ, ದಿನಾ ಹೋಗಿಬರಲು ಆಗದ ಕಾಲೇಜನ್ನು ಸುಮ್ಮನೆ ಮೇಲಿಡಬೇಡಿ.