ಮಳೆಗಾಲದಲ್ಲಿ ಪೈಪಿನ ಬ್ಲಾಸ್ಟರ್: ಮಾಡಿ ಗೊತ್ತಿರುವವರ ಉತ್ತರಗಳು

ಪ್ರಶ್ನೆ: ಮಡಿಕೇರಿ ಹತ್ತಿರ ಇದ್ದೇವೆ. ಎಂಟನೇ ಕ್ಲಾಸಿನ ಮಗನಿಗೆ ದಸರಾ ಛದ್ಮವೇಷಕ್ಕೆ ಬಾಹ್ಯಾಕಾಶ ಯೋಧನ ವೇಷ ಹಾಕಿಸಬೇಕು. ಕೈಯಲ್ಲಿ ಹಿಡಿಯಲು ಒಂದು ಬ್ಲಾಸ್ಟರ್ (ಬಾಹ್ಯಾಕಾಶ ಸಿನಿಮಾಗಳ ಕಾಲ್ಪನಿಕ ಬಂದೂಕು), ಅದೂ ಅವನೇ ಬರೆದ ಚಿತ್ರದ ಹಾಗೆ. 3ಡಿ ಪ್ರಿಂಟರ್ ಇಲ್ಲ. ಈಗ ಆಗಸ್ಟ್, ಮಳೆ ಬಿಡುವ ಲಕ್ಷಣ ಕಾಣುತ್ತಿಲ್ಲ. ಯಾವುದರಿಂದ ಮಾಡುವುದು? ಬಣ್ಣ ಹೇಗೆ? ಬೆಳಕು, ಸದ್ದು ಮನೆಯಲ್ಲೇ ಕೂರಿಸಲು ಆಗುತ್ತದಾ?

ಗೋಣಿಕೊಪ್ಪದಿಂದ:
ಅಕ್ಕಾ, ಮೊದಲು ರಟ್ಟಿನ ಮೇಲೆ ನಿಜ ಅಳತೆಯಲ್ಲೇ ಬರೆದು ಕತ್ತರಿಸಿ, ಮಗನ ಕೈಗೆ ಕೊಟ್ಟು ಕನ್ನಡಿ ಮುಂದೆ ನಿಲ್ಲಿಸಿ. ಆ ವಯಸ್ಸಿಗೆ ಒಟ್ಟು ಉದ್ದ 40 ಸೆಂಟಿಮೀಟರ್ ದಾಟದಿರಲಿ. ಕಾಗದದಲ್ಲಿ ಚೆಂದ ಕಂಡದ್ದು ಕೈಗೆ ಬಂದಾಗ ಒನಕೆಯಂತಾಗುವುದು ಸಾಮಾನ್ಯ.

ಒಡಲಿಗೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪೇ ಸಾಕು. 40 ಎಂಎಂ ಪೈಪ್ 22 ಸೆಂಟಿಮೀಟರ್, ನಳಿಗೆಗೆ 25 ಎಂಎಂ ಪೈಪ್ 14 ಸೆಂಟಿಮೀಟರ್, ನಡುವೆ 40ರಿಂದ 25ಕ್ಕೆ ಇಳಿಸುವ ರೆಡ್ಯೂಸರ್ ಒಂದು, ಹಿಂಬದಿಗೆ 40ರ ಎಂಡ್ ಕ್ಯಾಪ್ ಒಂದು. ಎಂಡ್ ಕ್ಯಾಪ್‌ಗೆ ಅಂಟು ಹಾಕಲೇಬೇಡಿ. ಬ್ಯಾಟರಿ ಬದಲಿಸುವ ಬಾಗಿಲು ಅದೇ. ಪಕ್ಕದ ಪಟ್ಟಿ, ರೆಕ್ಕೆಗಳಿಗೆ 5 ಎಂಎಂ ದಪ್ಪದ, ಹಗುರ ಪ್ಲಾಸ್ಟಿಕ್ ಹಲಗೆಯಾದ ಸನ್‌ಬೋರ್ಡ್ ತನ್ನಿ, ಫ್ಲೆಕ್ಸ್ ಬ್ಯಾನರ್ ಮಾಡುವವರಲ್ಲಿ ತುಂಡುಗಳು ಸಿಗುತ್ತವೆ. ಹೊಸ ಬ್ಲೇಡ್ ಹಾಕಿ, ಒಂದೇ ಏಟಿಗೆ ಒತ್ತದೆ ಮೂರು ನಾಲ್ಕು ಸಲ ಎಳೆದರೆ ಅಂಚು ನೇರ ಬರುತ್ತದೆ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನಮ್ಮ ತೇವಕ್ಕೆ ಅಂಚು ಉಬ್ಬಿ ಪದರ ಬಿಡುತ್ತದೆ.

ಮೇಲ್ಮೈಯ ಸಣ್ಣಪುಟ್ಟ ಯಂತ್ರಭಾಗಗಳಿಗೆ ಡ್ರಿಪ್ ಪೈಪಿನ ಕನೆಕ್ಟರ್, ಪೆನ್ ಮುಚ್ಚಳ, ಬಾಟಲಿ ಬಿರಡೆ ನಡೆಯುತ್ತವೆ. ತೋಟದ ಸ್ಪ್ರಿಂಕ್ಲರಿನ ಪ್ಲಾಸ್ಟಿಕ್ ನಾಝಲ್ ಸಿಕ್ಕಿದರೆ ನಳಿಗೆಯ ತುದಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹಿತ್ತಾಳೆಯದ್ದಾದರೆ ಮೂತಿ ಭಾರವಾಗಿ ಕೈ ಸೋಲುತ್ತದೆ. ಔಷಧಿ ಹೊಡೆಯುವ ಸ್ಪ್ರೇಯರಿನ ಭಾಗ ಮಾತ್ರ ಬೇಡ. ಎಷ್ಟು ತೊಳೆದರೂ ಕೀಟನಾಶಕ ಉಳಿದಿರುತ್ತದೆ, ಇದು ಮಗು ಹಿಡಿಯುವ ವಸ್ತು.

ಸೋಮವಾರಪೇಟೆಯಿಂದ:
ಹಿಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ಸನ್‌ಬೋರ್ಡನ್ನು ಐದು ಪದರ ಅಂಟಿಸಿದರೆ 25 ಎಂಎಂ ದಪ್ಪ ಆಗುತ್ತದೆ. ಒಳಗಿನ ಮೂರು ಪದರಗಳಲ್ಲಿ ಮೊದಲೇ ಕಾಲುವೆಯಂಥ ದಾರಿ ಕೊರೆದಿಡಿ. ತಂತಿ ಅಲ್ಲಿಂದಲೇ ಹೋಗಬೇಕು, ಅಂಟಿಸಿದ ಮೇಲೆ ಕೊರೆಯಲು ಹೋದರೆ ಹಿಡಿ ಸೀಳುತ್ತದೆ. ಮರವೇ ಬೇಕೆಂದರೆ ತೋಟದ ಸಿಲ್ವರ್ ಓಕ್ ಹಗುರ, ಕೆತ್ತಲು ಸುಲಭ. ಆದರೆ ಚೆನ್ನಾಗಿ ಒಣಗಿದ ತುಂಡೇ ಇರಲಿ, ಉಜ್ಜಿದ ಕೂಡಲೇ ಸ್ಯಾಂಡಿಂಗ್ ಸೀಲರ್ ಬಳಿಯಿರಿ. ಇಲ್ಲದಿದ್ದರೆ ದಸರಾ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಹಿಡಿಯನ್ನು ಪೈಪಿಗೆ ಬರೀ ಅಂಟಿನಲ್ಲಿ ನಿಲ್ಲಿಸಬೇಡಿ. ಪೈಪಿನ ಒಳಗಿನಿಂದ ಎರಡು ಸ್ಕ್ರೂ ಹೊಡೆದು, ಸಂದಿಗೆ ಎಂ-ಸೀಲ್ ತುಂಬಿ. ಎಂ-ಸೀಲಿನ ಎರಡೂ ಭಾಗ ಸಮಸಮ, ಬಣ್ಣದ ಗೆರೆ ಕಾಣದಷ್ಟು ನಾದಬೇಕು. ಉಜ್ಜುವುದು ಮರುದಿನ. ಗ್ಲೂ ಗನ್ನಿನ ಅಂಟು ನಯವಾದ ಪೈಪಿನ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ, ಅಂಟಿಸುವ ಜಾಗವನ್ನು ಮೊದಲು ಮರಳು ಕಾಗದದಿಂದ ಒರಟು ಮಾಡಿ. ಫೆವಿಕ್ವಿಕ್ ಮೇಲೆ ಅಡುಗೆ ಸೋಡಾ ಉದುರಿಸಿದರೆ ಸಣ್ಣ ಸಂದಿ ಕ್ಷಣದಲ್ಲಿ ಕಲ್ಲಾಗುತ್ತದೆ. ಆಗ ಬಿಸಿಯಾಗಿ ಹೊಗೆ ಏಳುವುದರಿಂದ ಕಿಟಕಿ ತೆರೆದಿಟ್ಟು ದೊಡ್ಡವರೇ ಮಾಡಿ.

ಮಡಿಕೇರಿಯಿಂದ, ದಸರಾ ಮಂಟಪಗಳಿಗೆ ಬಣ್ಣದ ಕೆಲಸ ಮಾಡುವವರು:
ಈ ಕೆಲಸ ಹಾಳಾಗುವುದು ಬಣ್ಣದಲ್ಲೇ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಪೈಪಿನ ಮೇಲಿನ ಅಚ್ಚಕ್ಷರಗಳನ್ನು ಥಿನ್ನರ್ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಿಟ್ಟರೆ ಬಣ್ಣದಡಿಯಿಂದ ಇಣುಕುತ್ತವೆ. ಆಮೇಲೆ ಪೈಪಿನ ಹೊಳಪು ಪೂರ್ತಿ ಹೋಗುವವರೆಗೆ 220ರ ಮರಳು ಕಾಗದ, ಬಳಿಕ ನೀರು ಹಾಕಿ ಉಜ್ಜುವ 400ರ ವಾಟರ್ ಪೇಪರ್. ಹೊಳಪು ಉಳಿದ ಕಡೆ ಬಣ್ಣ ಉಗುರಿಗೇ ಕಿತ್ತು ಬರುತ್ತದೆ. ಪ್ಲಾಸ್ಟಿಕ್‌ಗೆ ಹಿಡಿಯುವ ಪ್ರೈಮರನ್ನು ಒಂದಡಿ ದೂರದಿಂದ ಮೂರು ತೆಳು ಕೋಟ್ ಹೊಡೆಯಿರಿ. ಎರಡನೇ ಕೋಟ್ ಯಾವಾಗ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಅರೆಬರೆ ಒಣಗಿದಾಗ ಹೊಡೆದರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಇನ್ನು ಮಳೆ. ಸ್ಪ್ರೇ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಗೂಡುತ್ತದೆ. ಕಪ್ಪು ಬಣ್ಣದ ಮೇಲೆ, ಉಸಿರು ಬಿಟ್ಟ ಕನ್ನಡಿಯ ಹಾಗೆ ಬಿಳಿ ಪರೆ ಕಟ್ಟುತ್ತದೆ. ಒರೆಸಿದರೆ ಹೋಗುವುದಿಲ್ಲ. ಆದ್ದರಿಂದ ಜಡಿಮಳೆಯ ದಿನ ಡಬ್ಬಿ ಮುಟ್ಟಬೇಡಿ. ಹೊಳವಾದ ದಿನ 11ರಿಂದ 3 ಗಂಟೆಯೊಳಗೆ, ಗಾಳಿ ಆಡುವ ಜಗಲಿಯಲ್ಲಿ ಹೊಡೆಯಿರಿ. ಕುಶಾಲನಗರದ ಕಡೆ ನೆಂಟರಿದ್ದರೆ ಬಣ್ಣದ ಕೆಲಸ ಅಲ್ಲೇ ಮುಗಿಸಿ, ಅಲ್ಲಿ ಮಳೆ ಬಹಳ ಕಡಿಮೆ. ಒಣಗಿಸಲು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟಿನ ಹಳೇ ಬಲ್ಬು ರಟ್ಟಿಗೆ ತಾಗದಂತೆ ಉರಿಸಿ, ಒಬ್ಬರು ಹತ್ತಿರವೇ ಇರಿ. ಆದರೆ ಸ್ಪ್ರೇ ಮಾಡುವಾಗಲೂ, ಮಾಡಿದ ಅರ್ಧ ಗಂಟೆಯವರೆಗೂ ಬಲ್ಬು ಆರಿರಬೇಕು, ಆ ಆವಿ ಬೆಂಕಿ ಹಿಡಿಯುವಂಥದ್ದು. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಅಲ್ಲಿ ಪಿವಿಸಿ ಮೆತ್ತಗಾಗಿ ನಳಿಗೆ ಬಾಗುತ್ತದೆ.

ಪರೆ ಬಂದೇ ಬಿಟ್ಟರೆ ಪೂರ್ತಿ ಒಣಗಲು ಬಿಟ್ಟು, 600ರ ವಾಟರ್ ಪೇಪರಿನಲ್ಲಿ ಹಗುರ ಉಜ್ಜಿ, ಒಣ ದಿನ ನೋಡಿ ಅದೇ ಬಣ್ಣದ ತೆಳು ಕೋಟ್ ಕೊಡಿ.

ಲೋಹದಂತೆ ಕಾಣಿಸಲು: ಮೊದಲು ಬೆಳ್ಳಿ ಬಣ್ಣ. ಒಣಗಿದ ಮೇಲೆ ಅಂಚು, ಮೂಲೆ, ಕೈ ತಾಗುವ ಜಾಗಗಳಲ್ಲಿ ಟೂತ್‌ಪೇಸ್ಟ್ ಚುಕ್ಕಿ ಇಟ್ಟು, ಮೇಲೆ ಕಪ್ಪು ಹೊಡೆಯಿರಿ. ಕಪ್ಪು ಒಣಗಿದಾಗ ಒದ್ದೆ ಬಟ್ಟೆಯಿಂದ ಪೇಸ್ಟ್ ಉಜ್ಜಿದರೆ, ಸವೆದು ಲೋಹ ಕಂಡಂತೆ ಬೆಳ್ಳಿ ಹೊರಬರುತ್ತದೆ. ಚುಕ್ಕಿ ಎಲ್ಲ ಕಡೆ ಒಂದೇ ಗಾತ್ರ ಇದ್ದರೆ ಸುಳ್ಳೆಂದು ಗೊತ್ತಾಗುತ್ತದೆ. ಕೊನೆಗೆ ಹೊಳಪಿಲ್ಲದ, ಬಣ್ಣವಿಲ್ಲದ ಮ್ಯಾಟ್ ಕ್ಲಿಯರ್ ಕೋಟ್, ಅದರ ಮೇಲೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಲ್ಲಿ ಅಂಚಿಗೆ ತಿಕ್ಕಿ. ಕ್ಲಿಯರ್ ಕೆಳಗೆ ಪೆನ್ಸಿಲ್ ಹೋದರೆ ಮಿಂಚು ಸಾಯುತ್ತದೆ.

ಥರ್ಮಾಕೋಲ್ ಸೇರಿಸುವುದಾದರೆ ಸ್ಪ್ರೇ ಅದನ್ನು ಕರಗಿಸುತ್ತದೆ. ಮಂಟಪದಲ್ಲಿ ಮಾಡುವಂತೆ ಫೆವಿಕಾಲ್ ಹಚ್ಚಿ ಕಾಗದ ಅಂಟಿಸಿ, ಮೇಲೆ ನೀರಿನ ಬಣ್ಣವನ್ನೇ ಬಳಸಿ.

ಕುಶಾಲನಗರದಿಂದ:
ಮೊದಲ ಸಲಕ್ಕೆ ಬೆಳಕು ಸಾಕು. 9 ವೋಲ್ಟ್ ಬ್ಯಾಟರಿ, ಒತ್ತುವ ಸ್ವಿಚ್, 5 ಎಂಎಂ ಎಲ್ಇಡಿ, ಕರೆಂಟನ್ನು ಮಿತಿಯಲ್ಲಿಡುವ 390 ಓಮ್ ರೆಸಿಸ್ಟರ್. ಕೆಂಪು ಎಲ್ಇಡಿಗೆ ಸುಮಾರು 18 ಮಿಲಿಆಂಪ್ ಹೋಗುತ್ತದೆ, ನೀಲಿಗೆ 15. ಎರಡೂ ಸುರಕ್ಷಿತ. ರೆಸಿಸ್ಟರ್ ಇಲ್ಲದಿದ್ದರೆ ಎಲ್ಇಡಿ ಒಮ್ಮೆ ಜೋರಾಗಿ ಮಿಂಚಿ ಸತ್ತುಹೋಗುತ್ತದೆ. ನಳಿಗೆಯ ತುದಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ತುಂಡು ಇಟ್ಟರೆ ಬೆಳಕು ಚುಕ್ಕಿಯಾಗಿರದೆ ತುಂಬಿ ಕಾಣುತ್ತದೆ. ಲೇಸರ್ ಬೇಡ, ಎದುರು ಕೂತ ಮಕ್ಕಳ ಕಣ್ಣಿಗೆ ಅಪಾಯ.

ಸದ್ದೂ ಬೇಕೆಂದರೆ ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡು), ಮೆಮೊರಿ ಕಾರ್ಡಿನಿಂದ ಸದ್ದು ನುಡಿಸುವ ಡಿಎಫ್‌ಪ್ಲೇಯರ್ ಮಿನಿ, 8 ಓಮಿನ ಪುಟ್ಟ ಸ್ಪೀಕರ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲ್ಲ ಸಿಗುತ್ತದೆ. ಮೆಮೊರಿ ಕಾರ್ಡ್ 32 ಜಿಬಿ ಒಳಗಿನದ್ದಾಗಿರಲಿ, ಎಫ್ಎಟಿ32 ಫಾರ್ಮ್ಯಾಟ್ ಮಾಡಿ. ನ್ಯಾನೊದಿಂದ ಪ್ಲೇಯರಿನ ಆರ್‌ಎಕ್ಸ್ ಪಿನ್ನಿಗೆ ಹೋಗುವ ತಂತಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಗೊರಗೊರ ಶಬ್ದ ಬರುತ್ತದೆ. ಸದ್ದು ಶುರುವಾದ ಕೂಡಲೇ ನ್ಯಾನೊ ರೀಸೆಟ್ ಆಗುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ, 5 ವೋಲ್ಟ್ ಸಾಲಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. 9 ವೋಲ್ಟ್ ಬ್ಯಾಟರಿ ಇದಕ್ಕೆ ಆಗದು, ಯುಎಸ್‌ಬಿಯ ಸಣ್ಣ ಪವರ್ ಬ್ಯಾಂಕ್ ಬಳಸಿ, ಅದು ಹಿಡಿಯಲ್ಲಿ ಹಿಡಿಸದಿದ್ದರೆ ವೇಷದ ಬೆಲ್ಟಿಗೆ ಕಟ್ಟಿ.

ವಿರಾಜಪೇಟೆಯಿಂದ:
ಆಕಾರದ ಬಗ್ಗೆ ಒಂದು ಮಾತು. ನಮ್ಮಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಆಗುತ್ತದೆ, ಸುಗ್ಗಿ ಹಬ್ಬ ಪುತ್ತರಿಗೆ ಗುಂಡು ಹಾರುತ್ತದೆ. ನಿಜವಾದ ಕೋವಿ ಹಲವು ಮನೆಗಳಲ್ಲಿದೆ. ಹಾಗಾಗಿ ದೂರದಿಂದ ಯಾವುದಾದರೂ ಕೋವಿಯಂತೆ ಕಂಡರೆ ಜನ ಅದನ್ನು ಆಟಿಕೆ ಎಂದುಕೊಳ್ಳುವುದಿಲ್ಲ. ಸಿನಿಮಾದ ಬ್ಲಾಸ್ಟರ್ ನೋಡಿ ನಕಲು ಮಾಡಿದರೆ ಅದು ಬೇಗ ಪಿಸ್ತೂಲಿನ ಹಾಗಾಗುತ್ತದೆ. 1977ರ ಸ್ಟಾರ್ ವಾರ್ಸ್‌ನಲ್ಲಿ ಮೌಸರ್ ಸಿ96 ಪಿಸ್ತೂಲಿಗೇ ಸ್ಕೋಪ್ ಜೋಡಿಸಿ ಬ್ಲಾಸ್ಟರ್ ಮಾಡಿದ್ದರು. ನಿಮ್ಮ ಮಗನ ಸ್ವಂತ ವಿನ್ಯಾಸವೇ ಒಳ್ಳೆಯದು. ನಳಿಗೆಯ ತುದಿಯ 3 ಸೆಂಟಿಮೀಟರ್ ಹೊಳೆಯುವ ಕಿತ್ತಳೆ ಬಣ್ಣ ಇರಲಿ, ಒಡಲಿನಲ್ಲಿ ನೀಲಿಯೋ ಹಳದಿಯೋ ಒಂದು ದೊಡ್ಡ ಪಟ್ಟಿ ಇರಲಿ. ಬಸ್ಸಿನಲ್ಲಿ, ಪೇಟೆಯಲ್ಲಿ ಬಟ್ಟೆ ಚೀಲದೊಳಗೇ ಹೋಗಬೇಕು, ವೇದಿಕೆ ಹತ್ತಿರ ಹೊರತೆಗೆದರೆ ಸಾಕು. ಒಳಗಿನಿಂದ ಏನನ್ನೂ ಹಾರಿಸುವ ಸ್ಪ್ರಿಂಗ್, ಗಾಳಿ, ಪಟಾಕಿ ಯಾವುದೂ ಬೇಡ.

ಪ್ರಶ್ನೆ ಕೇಳಿದವರು: ಪೈಪು, ಸನ್‌ಬೋರ್ಡ್ ತಂದಾಯಿತು. ದಸರಾ ಆದ ಮೇಲೆ ಎತ್ತಿಡುವುದು ಹೇಗೆ?

ಸೋಮವಾರಪೇಟೆಯಿಂದ: ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ತೇವಕ್ಕೆ ಕೊಂಡಿ ಹಸಿರು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ಬಣ್ಣ ಅಂಟಿಕೊಳ್ಳುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಎಂಡ್ ಕ್ಯಾಪಿನೊಳಗೆ ಹಾಕಿಡಿ.