ಬಕೆಟ್‌ಗೆ ಬೆಸುಗೆ ಹಾಕಬಹುದು, ಕುಕ್ಕರ್ ಹಿಡಿಗೆ ಏಕಿಲ್ಲ? ಪಾಲಿಮರ್ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತುಮಕೂರಿನ ಸದಸ್ಯರು): ಒಡೆದ ಪ್ಲಾಸ್ಟಿಕ್ ಬಕೆಟ್, ಕೊಡಗಳನ್ನು ಕಾದ ಕಬ್ಬಿಣದಿಂದ ಬೆಸೆದುಕೊಡುವವರೊಬ್ಬರು ನಮ್ಮ ಬೀದಿಗೆ ಈಗಲೂ ಬರುತ್ತಾರೆ. ಮೊನ್ನೆ ಅವರಿಗೆ ಕುಕ್ಕರ್‌ನ ಮುರಿದ ಹಿಡಿಯನ್ನೂ ಕೊಟ್ಟೆ. ‘ಇದು ಕರಗುವುದಿಲ್ಲ, ಸುಟ್ಟುಹೋಗುತ್ತದೆ’ ಎಂದು ಹಿಂದಿರುಗಿಸಿದರು. ಎರಡೂ ಪ್ಲಾಸ್ಟಿಕ್ ತಾನೇ? ಜೊತೆಗೆ, ಬೆಸೆದ ಬಕೆಟ್ ಸ್ವಲ್ಪ ದಿನಕ್ಕೇ ಬೆಸುಗೆಯ ಪಕ್ಕದಲ್ಲಿ ಮತ್ತೆ ಬಿರಿಯುತ್ತದೆ. ಅದೇಕೆ?

ಉತ್ತರ: ಆ ಕುಶಲಕರ್ಮಿ ಒಂದೇ ಮಾತಿನಲ್ಲಿ ಪಾಲಿಮರ್‌ಗಳ ಬಹುಮುಖ್ಯ ವರ್ಗೀಕರಣವನ್ನು ಹೇಳಿಬಿಟ್ಟಿದ್ದಾರೆ.

ಪಾಲಿಮರ್ ಎಂದರೆ ಸಾವಿರಾರು ಚಿಕ್ಕ ಅಣುಗಳು ಒಂದರ ಹಿಂದೊಂದು ಬೆಸೆದುಕೊಂಡ ಉದ್ದನೆಯ ಸರಪಳಿ. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇದನ್ನು ಪ್ರತಿಪಾದಿಸಿದಾಗ ಅಷ್ಟು ದೊಡ್ಡ ಅಣು ಇರಲು ಸಾಧ್ಯವೆಂದು ಆ ಕಾಲದ ಹೆಚ್ಚಿನ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ.

ನಿಮ್ಮ ಬಕೆಟ್ ಪಾಲಿಪ್ರೊಪಿಲೀನ್‌ನದ್ದೋ ಹೆಚ್ಚು ಸಾಂದ್ರತೆಯ ಪಾಲಿಥೀನ್‌ನದ್ದೋ ಆಗಿರುತ್ತದೆ. ಅದರೊಳಗಿನ ಸರಪಳಿಗಳು ತಟ್ಟೆಯಲ್ಲಿ ಹರಡಿದ ಒತ್ತು ಶಾವಿಗೆಯ ಎಳೆಗಳಂತೆ ಒಂದಕ್ಕೊಂದು ತೊಡರಿಕೊಂಡಿರುತ್ತವೆ, ಆದರೆ ಯಾವ ಎಳೆಯೂ ಇನ್ನೊಂದಕ್ಕೆ ಅಂಟಿರುವುದಿಲ್ಲ. ಕಾಯಿಸಿದರೆ ಜಾರುತ್ತವೆ, ತಣಿದರೆ ನಿಲ್ಲುತ್ತವೆ. ಪಾಲಿಥೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಇವು ಥರ್ಮೋಪ್ಲಾಸ್ಟಿಕ್‌ಗಳು.

ಕುಕ್ಕರ್ ಹಿಡಿ ಬೇಕಲೈಟ್. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ತಯಾರಿಸಿದ ವಸ್ತು ಇದು. ಅಚ್ಚಿನಲ್ಲಿ ಬಿಸಿಯಾಗುವಾಗಲೇ ಇದರ ಸರಪಳಿಗಳ ನಡುವೆ ರಾಸಾಯನಿಕ ಅಡ್ಡಕೊಂಡಿಗಳು ಬಿದ್ದು, ಇಡೀ ಹಿಡಿ ಒಂದೇ ಹೆಣಿಗೆಯಾಗುತ್ತದೆ. ಒಂದು ಅರ್ಥದಲ್ಲಿ ನಿಮ್ಮ ಕೈಯಲ್ಲಿದ್ದ ತುಂಡು ಒಂದೇ ಒಂದು ಅಣು. ಅದರಲ್ಲಿ ಜಾರುವುದಕ್ಕೆ ಏನೂ ಉಳಿದಿಲ್ಲ. ಶಾಖ ಹೆಚ್ಚಿದರೆ ಕೊಂಡಿಗಳೇ ಮುರಿದು ವಸ್ತು ಕರಕಲಾಗುತ್ತದೆ. ಒಲೆಯ ಪಕ್ಕ ನಿಲ್ಲುವ ಹಿಡಿಗೆ ಅದನ್ನು ಆರಿಸಿರುವುದೂ ಮೆತ್ತಗಾಗದ ಈ ಗುಣಕ್ಕಾಗಿಯೇ. ಮೆಲಮೈನ್ ತಟ್ಟೆ, ಹಳೆಯ ವಿದ್ಯುತ್ ಸ್ವಿಚ್ಚು, ಎಪಾಕ್ಸಿ ಅಂಟು ಎಲ್ಲವೂ ಈ ಥರ್ಮೋಸೆಟ್ ಗುಂಪಿನವು.

ಇನ್ನು ಬೆಸುಗೆಯ ಪಕ್ಕದ ಬಿರುಕು. ಬಿಸಿಲಿನಲ್ಲಿದ್ದ ಬಕೆಟ್‌ನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ. ಬಣ್ಣ ಮಾಸಿ, ಸೀಮೆಸುಣ್ಣದಂಥ ಪುಡಿ ಬೆರಳಿಗೆ ಹತ್ತುತ್ತದೆ. ನೇರಳಾತೀತ ಕಿರಣ ಮತ್ತು ಆಮ್ಲಜನಕ ಸೇರಿ ಸರಪಳಿಗಳನ್ನು ಕತ್ತರಿಸಿವೆ ಎಂಬುದಕ್ಕೆ ಅದು ಗುರುತು. ಪಾಲಿಪ್ರೊಪಿಲೀನ್ ಈ ವಿಷಯದಲ್ಲಿ ಬಹಳ ದುರ್ಬಲ. ಸರಪಳಿ ಗಿಡ್ಡವಾದಂತೆ ತೊಡರು ಕಡಿಮೆಯಾಗಿ ವಸ್ತು ಪೆಡಸಾಗುತ್ತದೆ. ಬೆಸುಗೆ ಗಟ್ಟಿಯೇ ಇದೆ, ಅದನ್ನು ಹಿಡಿದುಕೊಳ್ಳಬೇಕಾದ ಗೋಡೆಗೇ ಶಕ್ತಿಯಿಲ್ಲ. ಜೊತೆಗೆ, ತೇಪೆಗೆ ಹಾಕಿದ ತುಂಡು ಬೇರೆ ಜಾತಿಯದ್ದಾಗಿದ್ದರೆ ಅದು ಬೆರೆಯುವುದೇ ಇಲ್ಲ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಕರಗಿದಾಗಲೂ ಎಣ್ಣೆ–ನೀರಿನಂತೆ ದೂರವೇ ಉಳಿಯುತ್ತವೆ. ಬಕೆಟ್‌ನ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ ನೋಡಿಕೊಳ್ಳಿ. 2 ಎಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್, 5 ಎಂದರೆ ಪಾಲಿಪ್ರೊಪಿಲೀನ್. ಅದೇ ಅಂಕಿಯ ತುಂಡಿನಿಂದ ತೇಪೆ ಹಾಕಿಸಿ.

ಪ್ರಶ್ನೆ (ಸುಳ್ಯದ ರಬ್ಬರ್ ಬೆಳೆಗಾರರು): ನಾವು ರಬ್ಬರ್ ಹಾಲಿಗೆ ಆಮ್ಲ ಹಾಕಿ ಗಟ್ಟಿ ಮಾಡುತ್ತೇವಲ್ಲ, ಆಗ ಬೀಳುವುದೂ ಇದೇ ಅಡ್ಡಕೊಂಡಿಯೇ? ಹಾಗಿದ್ದರೆ ನಮ್ಮ ಶೀಟಿಗೂ ಟೈರಿಗೂ ಏನು ವ್ಯತ್ಯಾಸ? ಹಳೆಯ ಟೈರನ್ನು ಕರಗಿಸಿ ಹೊಸದು ಮಾಡಲು ಏಕೆ ಆಗುವುದಿಲ್ಲ?

ಉತ್ತರ: ನನ್ನ ವೃತ್ತಿಯ ಬಹುಪಾಲು ರಬ್ಬರಿನಲ್ಲೇ ಕಳೆದಿರುವುದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಟ್ಯಾಪಿಂಗ್ ಮಾಡಿದಾಗ ಚಿಪ್ಪಿಗೆ ಇಳಿಯುವ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ರಬ್ಬರ್, ಉಳಿದದ್ದು ಬಹುತೇಕ ನೀರು. ರಬ್ಬರ್ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಪ್ರತಿ ಕಣದ ಮೇಲೂ ಪ್ರೋಟೀನ್ ಮತ್ತು ಫಾಸ್ಫೊಲಿಪಿಡ್‌ಗಳ ತೆಳುಪೊರೆಯಿದ್ದು, ಅದರಲ್ಲಿ ಋಣ ವಿದ್ಯುದಂಶವಿರುತ್ತದೆ. ಎಲ್ಲ ಕಣಗಳದ್ದೂ ಒಂದೇ ವಿದ್ಯುದಂಶವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ನೀವು ಫಾರ್ಮಿಕ್ ಆಮ್ಲ ಹಾಕಿದಾಗ ಆ ವಿದ್ಯುದಂಶ ತಟಸ್ಥವಾಗಿ ಕಣಗಳು ಒಟ್ಟುಗೂಡುತ್ತವೆ. ಹಾಲನ್ನು ದ್ರವವಾಗಿಯೇ ಕಾರ್ಖಾನೆಗೆ ಕಳಿಸಬೇಕಾದವರು ಅಮೋನಿಯಾ ಹಾಕುವುದು ಇದಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ. ನಿಮ್ಮ ಟ್ರೇಯಲ್ಲಿ ಹೊಸ ಅಡ್ಡಕೊಂಡಿ ಯಾವುದೂ ಬಿದ್ದಿಲ್ಲ. ರೋಲರ್‌ನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದ ಶೀಟಿನಲ್ಲೂ ಸರಪಳಿಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಆದ್ದರಿಂದಲೇ ಅದು ಬಿಸಿಲಿಗೆ ಜಿಗುಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ, ಬಹಳ ಹೊತ್ತು ಎಳೆದು ಹಿಡಿದರೆ ಪೂರ್ತಿ ಹಿಂದಿರುಗುವುದಿಲ್ಲ.

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಈ ದೋಷಕ್ಕೆ ಮದ್ದು: ಗಂಧಕ ಬೆರೆಸಿ ಕಾಯಿಸುವುದು. ಇಂದು ನಾವು ಶೀಟನ್ನು ಎರಡು ಉರುಳೆಗಳ ಗಿರಣಿಯಲ್ಲಿ ಅರೆದು, ಕಾರ್ಬನ್ ಬ್ಲ್ಯಾಕ್, ಸತುವಿನ ಆಕ್ಸೈಡ್, ಸ್ಟಿಯರಿಕ್ ಆಮ್ಲ, ವೇಗವರ್ಧಕ, ಗಂಧಕ ಸೇರಿಸಿ, ಅಚ್ಚಿನಲ್ಲಿ ಸುಮಾರು 150 ಡಿಗ್ರಿಗೆ ಬೇಯಿಸುತ್ತೇವೆ. ಗಂಧಕದ ಪರಮಾಣುಗಳು ಒಂದು ಸರಪಳಿಯನ್ನು ಇನ್ನೊಂದಕ್ಕೆ ಕಟ್ಟುತ್ತವೆ. ನೂರು ಕಿಲೋ ರಬ್ಬರಿಗೆ ಎರಡು ಕಿಲೋ ಆಸುಪಾಸು ಗಂಧಕ ಸಾಕು, ಎಳೆದರೆ ಹಿಗ್ಗಿ ಬಿಟ್ಟರೆ ಮರಳುವ ಟೈರ್ ರಬ್ಬರ್ ಸಿಗುತ್ತದೆ. ಮೂವತ್ತು ಕಿಲೋ ದಾಟಿದರೆ ಅದೇ ಮರದ ಹಾಲು ಎಬೊನೈಟ್ ಆಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೊಂಡಿಗಳ ಸಂಖ್ಯೆ ಬದಲಾದರೆ ಸಾಕು, ವಸ್ತುವೇ ಬೇರೆಯಾಗುತ್ತದೆ. ಇಷ್ಟು ವರ್ಷವಾದರೂ ಈ ಸಂಗತಿ ನನ್ನನ್ನು ಬೆರಗುಗೊಳಿಸುತ್ತದೆ.

ಹಳೆಯ ಟೈರು ಕುಕ್ಕರ್ ಹಿಡಿಯಂತೆ ಕರಗದಿರಲು ಇದೇ ಕಾರಣ. ಪುಡಿ ಮಾಡಿ ಡಾಂಬರಿಗೆ ಬೆರೆಸಬಹುದು, ಒಡಲು ಚೆನ್ನಾಗಿದ್ದರೆ ಮೇಲೆ ಹೊಸ ಪಟ್ಟಿ ಕೂಡಿಸಿ ರಿಟ್ರೆಡ್ ಮಾಡಬಹುದು. ಗಂಧಕದ ಕೊಂಡಿಯನ್ನು ಬಿಡಿಸುವ ವಿಧಾನಗಳಿವೆ, ಆದರೆ ಅವುಗಳಲ್ಲಿ ಕೊಂಡಿಯ ಜೊತೆ ಸರಪಳಿಯೂ ತುಂಡಾಗುವುದರಿಂದ ಮೊದಲಿನ ಬಲ ಮರಳುವುದಿಲ್ಲ.

ಬೆಲೆ ಕುಸಿದಾಗಲೆಲ್ಲ ‘ಕೃತಕ ರಬ್ಬರ್ ಬಂದಮೇಲೆ ನಮ್ಮದು ಯಾರಿಗೆ ಬೇಕು’ ಎಂದು ಬೆಳೆಗಾರರು ಕೇಳುವುದುಂಟು. ಬೇಕು. ಲಾರಿ ಮತ್ತು ವಿಮಾನದ ಟೈರುಗಳಿಗೆ ನೈಸರ್ಗಿಕ ರಬ್ಬರೇ ಹೆಚ್ಚು ಬೇಕು. ಮರ ಕಟ್ಟುವ ಸರಪಳಿಯಲ್ಲಿ ಐಸೊಪ್ರೀನ್ ಎಂಬ ಚಿಕ್ಕ ಅಣುವಿನ ಘಟಕಗಳು ಬಹುತೇಕ ಎಲ್ಲವೂ ಒಂದೇ ಬದಿಗೆ ಬಾಗಿರುತ್ತವೆ. ಎಳೆದಾಗ ಅವು ಸಾಲಾಗಿ ನಿಂತು ಹರಳುಗಟ್ಟುವುದರಿಂದ ಬಿರುಕು ಸುಲಭವಾಗಿ ಮುಂದುವರಿಯುವುದಿಲ್ಲ. ಓಡುವಾಗ ಟೈರು ಕಾಯುವುದೂ ಕಡಿಮೆ. ಅದೇ ಐಸೊಪ್ರೀನ್ ವಿರುದ್ಧ ಬಗೆಯಲ್ಲಿ ಬಾಗಿದರೆ ಗಟ್ಟಾಪರ್ಚಾ ಆಗುತ್ತದೆ. ಅದು ಹಿಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿದ್ದ ಅದನ್ನು ಇಂದು ದಂತವೈದ್ಯರು ರೂಟ್ ಕೆನಾಲ್ ತುಂಬಲು ಬಳಸುತ್ತಾರೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ‘ಗೊಬ್ಬರವಾಗುತ್ತದೆ’ ಎಂದು ಮುದ್ರಿಸಿದ ಚೀಲವನ್ನು ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಿದ್ದೆ. ತರಕಾರಿ ಸಿಪ್ಪೆ ಗೊಬ್ಬರವಾಯಿತು, ಚೀಲ ಹಾಗೆಯೇ ಇದೆ. ಸಸ್ಯದಿಂದ ಮಾಡಿದ್ದಾದರೆ ಕೊಳೆಯಬೇಕಿತ್ತಲ್ಲವೇ?

ಉತ್ತರ: ಮುದ್ರಣ ಸುಳ್ಳೇ ಆಗಬೇಕೆಂದಿಲ್ಲ. ಆ ಗುರುತು ಸಾಮಾನ್ಯವಾಗಿ ಕೈಗಾರಿಕಾ ಕಾಂಪೋಸ್ಟ್ ಘಟಕಕ್ಕೆ ಸಂಬಂಧಿಸಿದ್ದು. ಉದಾಹರಣೆಗೆ ಸಸ್ಯದ ಸಕ್ಕರೆಯಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪ್ಲಾಸ್ಟಿಕ್ ಚೆನ್ನಾಗಿ ಒಡೆಯಬೇಕಾದರೆ ತೇವದ ಜೊತೆಗೆ ಸುಮಾರು 60 ಡಿಗ್ರಿ ಶಾಖ ವಾರಗಟ್ಟಲೆ ಇರಬೇಕು. ಬಾಲ್ಕನಿಯ ಡಬ್ಬಿಯಲ್ಲಿ ಅಷ್ಟು ಶಾಖ ನಿಲ್ಲುವುದಿಲ್ಲ.

ಆದರೆ ನಿಮ್ಮ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಎಲ್ಲಿಂದ ಬಂತು ಎಂಬುದು ಕೊಳೆಯುತ್ತದೆಯೇ ಎಂಬುದನ್ನು ನಿರ್ಧರಿಸುವುದಿಲ್ಲ. ಬ್ರೆಜಿಲ್‌ನಲ್ಲಿ ಕಬ್ಬಿನ ಎಥನಾಲ್‌ನಿಂದ ಪಾಲಿಥೀನ್ ಮಾಡುತ್ತಾರೆ. ಕಚ್ಚಾವಸ್ತು ಕಬ್ಬು, ಸರಪಳಿ ಮಾತ್ರ ಪೆಟ್ರೋಲಿಯಂ ಪಾಲಿಥೀನ್‌ನದ್ದೇ, ಅದು ಕೊಳೆಯದು. ಇತ್ತ ಕಾಂಪೋಸ್ಟ್ ಚೀಲಗಳಲ್ಲಿ ಹೆಚ್ಚಾಗಿ ಬಳಸುವ ಪಿಬಿಎಟಿ ಎಂಬ ಪಾಲಿಯೆಸ್ಟರ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬರುತ್ತದೆ, ಆದರೂ ಅದರ ಎಸ್ಟರ್ ಕೊಂಡಿಗಳನ್ನು ಸೂಕ್ಷ್ಮಜೀವಿಗಳು ಕತ್ತರಿಸಬಲ್ಲವು. ಸೂಕ್ಷ್ಮಜೀವಿಯ ಕಿಣ್ವಕ್ಕೆ ಹಿಡಿತ ಸಿಗುವ ಕೊಂಡಿ ಇದೆಯೇ ಎಂಬುದಷ್ಟೇ ಲೆಕ್ಕ. ಅನ್ನದ ಪಿಷ್ಟ ಮತ್ತು ಹತ್ತಿ, ಹುಲ್ಲುಗಳ ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಸರಪಳಿಗಳೇ. ಕೊಂಡಿಯ ದಿಕ್ಕು ಬೇರೆಯಾದ್ದರಿಂದ ಅನ್ನ ನಮಗೆ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ. ಹಸುವಿಗೆ ಅದನ್ನು ಅರಗಿಸಿಕೊಡುವುದು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು.

ಆ ಚೀಲವನ್ನು ಪಾಲಿಥೀನ್ ರದ್ದಿಯ ಜೊತೆ ಮಾತ್ರ ಹಾಕಬೇಡಿ, ಮರುಬಳಕೆಯ ಇಡೀ ರಾಶಿ ಕೆಡುತ್ತದೆ.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ): ಸಂಕಲನ ಮತ್ತು ಸಂಘನನ ಪಾಲಿಮರ್‌ಗಳನ್ನು ಗುರುತಿಸುವುದು ಹೇಗೆ? ನೈಲಾನ್ 6 ಮತ್ತು ನೈಲಾನ್ 6,6 ಯಾವಾಗಲೂ ಗೊಂದಲ.

ಉತ್ತರ: ಸರಪಳಿ ಕಟ್ಟುವಾಗ ಏನಾದರೂ ಹೊರಬೀಳುತ್ತದೆಯೇ ನೋಡಿ. ಎಥಿಲೀನ್‌ನ ಜೋಡಿಬಂಧ ತೆರೆದು ಪಾಲಿಥೀನ್ ಆಗುವಾಗ ಏನೂ ಹೊರಬೀಳುವುದಿಲ್ಲ, ಅದು ಸಂಕಲನ. 1935ರಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ಮಾಡಿದ ನೈಲಾನ್ 6,6ರಲ್ಲಿ ಆರು ಇಂಗಾಲದ ಡೈಅಮೀನ್ ಮತ್ತು ಆರು ಇಂಗಾಲದ ಡೈಆಮ್ಲ ಕೂಡುವಾಗ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಬೀಳುತ್ತದೆ, ಅದು ಸಂಘನನ. ನೈಲಾನ್ 6 ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ಉಂಗುರ ಅಣು ತೆರೆದುಕೊಂಡು ಆಗುವುದು. ಒಟ್ಟಾರೆ ಲೆಕ್ಕದಲ್ಲಿ ನೀರು ಹೊರಬೀಳುವುದಿಲ್ಲವಾದರೂ ಕೊಂಡಿ ಅದೇ ಅಮೈಡ್ ಆದ್ದರಿಂದ ಎರಡನ್ನೂ ಪಾಲಿಅಮೈಡ್ ಎನ್ನುತ್ತೇವೆ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ವರ್ಗೀಕರಣವನ್ನೇ ಬರೆಯಿರಿ, ಕಾರಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ (ಮೈಸೂರಿನ ಸದಸ್ಯರು): ಅಂಗಡಿಯಲ್ಲಿ ಶುದ್ಧ ರೇಷ್ಮೆ ಎಂದು ಕೊಟ್ಟ ಸೀರೆ ನಿಜವಾಗಿ ರೇಷ್ಮೆಯೇ ಎಂದು ಮನೆಯಲ್ಲಿ ತಿಳಿಯಬಹುದೇ?

ಉತ್ತರ: ಸೆರಗಿನ ತುದಿಯ ಕುಚ್ಚಿನಿಂದ ಜರಿಯಿಲ್ಲದ ಒಂದೆರಡು ಎಳೆ ತೆಗೆದು, ಚಿಮುಟದಲ್ಲಿ ಹಿಡಿದು, ಸೀರೆಯಿಂದ ದೂರದಲ್ಲಿ ಮೇಣದಬತ್ತಿಗೆ ಹಿಡಿಯಿರಿ. ಕೆಳಗೆ ನೀರಿನ ತಟ್ಟೆ ಇರಲಿ. ರೇಷ್ಮೆ ಪ್ರೋಟೀನ್ ಆದ್ದರಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಅದು ವಿಸ್ಕೋಸ್, ಅಂದರೆ ಮರದ ಸೆಲ್ಯುಲೋಸನ್ನು ದ್ರಾವಣವಾಗಿಸಿ ಮತ್ತೆ ಎಳೆಯಾಗಿ ತೆಗೆದ ಅರೆಕೃತಕ ನಾರು. ಹರಿಹರದ ಬಳಿಯ ಕುಮಾರಪಟ್ಟಣಂನಲ್ಲಿ ತಯಾರಾಗುವುದು ಅದೇ. ಮಿಶ್ರನೂಲು ಇರಬಹುದಾದ್ದರಿಂದ ಹಾಸು ಮತ್ತು ಹೊಕ್ಕು ಎರಡರಿಂದಲೂ ಎಳೆ ತೆಗೆದು ನೋಡಿ.

ರೇಷ್ಮೆಯೇ ಎಂದು ಖಚಿತವಾದರೆ ತೊಳೆಯುವಾಗ ಎಚ್ಚರ ಬೇಕು. ಪ್ರೋಟೀನ್ ಸರಪಳಿಯ ಕೊಂಡಿಗಳು ಕ್ಷಾರಕ್ಕೆ ಒಡೆಯುತ್ತವೆ, ಹಾಗಾಗಿ ಬಟ್ಟೆ ಸೋಡಾ ಮತ್ತು ಖಾರವಾದ ಡಿಟರ್ಜೆಂಟ್ ಬೇಡ, ಸೌಮ್ಯ ಶಾಂಪೂ ಸಾಕು. ಕ್ಲೋರಿನ್ ಬ್ಲೀಚನ್ನಂತೂ ಹತ್ತಿರಕ್ಕೂ ತರಬೇಡಿ. ಅದು ಕಲೆಯ ಜೊತೆಗೆ ರೇಷ್ಮೆಯ ಎಳೆಯನ್ನೂ ಕರಗಿಸುತ್ತದೆ.