ಮನೆಯ ಪಿಸ್ತೂಲು, ಅಣ್ಣನ ಅರ

ನಮ್ಮ ಮನೆಯವರ ಗ್ರೂಪಿನ ಮಾತುಕತೆ ಇದು. ಪಿಸ್ತೂಲ್ ಅಂದರೆ ಗುರಿ ಹೊಡೆಯುವ ಆಟದ ಏರ್ ಪಿಸ್ತೂಲ್, ಮನೆಯವರೆಲ್ಲರಿಗೂ ಸೇರಿದ್ದು. ಗುರಿ ಹಿಡಿಯೋಕೆ ಮೂತಿಯ ಮೇಲೆ ಒಂದು ಬ್ಲೇಡ್ ಇರುತ್ತದೆ, ಅದು ಫ್ರಂಟ್ ಸೈಟ್; ಹಿಂದೆ ಕಚ್ಚು ಇರುವುದು ರಿಯರ್ ಸೈಟ್. ದೊಡ್ಡಪ್ಪ ಅಂದರೆ ಅಣ್ಣನ ಅಪ್ಪ, ಪುಟ್ಟಿಗೆ ತಾತ. ಅಣ್ಣ ಪುಟ್ಟಿಗೆ ದೊಡ್ಡಪ್ಪ.

ಪುಟ್ಟಿ: ಅತ್ತೆ, ಪಿಸ್ತೂಲ್ ಬಂತು. ಫೋಟೋ ಹಾಕಿದ್ದೀನಿ ನೋಡಿ. ಫ್ರಂಟ್ ಸೈಟ್ ಹೀಗಿರಲಿಲ್ಲ ಅಲ್ವಾ?

ನಾನು: ಹೀಗಿರಲಿಲ್ಲ. ಇದಕ್ಕೆ ಅರ ಹಾಕಿದ್ದು ಯಾರು?

ಪುಟ್ಟಿ: ಬೆಳಗ್ಗೆ ಒಂದು ಸೀರೀಸ್ ಹೊಡೆದೆ. ಪೆಲೆಟ್‌ಗಳು (ಸಣ್ಣ ಗುಂಡುಗಳು) ಒಂದರ ಪಕ್ಕ ಒಂದು ಬೀಳ್ತಿವೆ. ಆದರೆ ಎಲ್ಲಾ ಟಾರ್ಗೆಟ್‌ನ ಕಪ್ಪು ವೃತ್ತದ ಮೇಲಂಚಿನಲ್ಲಿ. ರಿಯರ್ ಸೈಟ್ ಪೂರ್ತಿ ಇಳಿಸಿದೆ, ಸ್ಕ್ರೂ ಇನ್ನು ತಿರುಗೋದಿಲ್ಲ. ಆದರೂ ಒಂದು ಪೆಲೆಟ್ಟಿಗೆ 8 ಅಂಕ ದಾಟಲಿಲ್ಲ.

ಅಣ್ಣ: ನಾನೇ ಮಾಡಿಸಿದ್ದು. ಹಸಿರು ಫೈಬರ್ ಕಡ್ಡಿ ಕೂರಿಸೋಕೆ ಸ್ವಲ್ಪ ಉಜ್ಜಬೇಕಾಯ್ತು. ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಪುಟ್ಟಿ, ಸ್ವಲ್ಪ ಕೆಳಗೆ ಹಿಡಿದು ಹೊಡಿ, ಸರಿ ಹೋಗುತ್ತೆ.

ದೊಡ್ಡಪ್ಪ: ಯಾರನ್ನು ಕೇಳಿ ಮಾಡಿಸಿದೆ?

ಅಣ್ಣ: ಅಪ್ಪಾ, ಅದು ಎಲ್ಲರದ್ದೂ ತಾನೇ? ಸ್ಪ್ರಿಂಗ್ ಬದಲಾಯಿಸಿದಾಗ ನಾನೂ ದುಡ್ಡು ಕೊಟ್ಟಿದ್ದೇನೆ. ಎರಡು ತಿಂಗಳು ನನ್ನ ಹತ್ತಿರ ಇತ್ತು. ನನಗೆ ಅನುಕೂಲ ಆಗೋ ಹಾಗೆ ಮಾಡಿಕೊಂಡೆ.

ನಾನು: ಎಲ್ಲರದ್ದು ಅಂತಲೇ ಕೇಳಬೇಕಿತ್ತು ಅಣ್ಣ. ನಿನ್ನೊಬ್ಬನದೇ ಆಗಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ.

ತಮ್ಮ: ಅಕ್ಕಾ, ಬೆಳಗ್ಗೆ ಬೆಳಗ್ಗೆ ಜಗಳ ಬೇಡ. ಎಷ್ಟು ಹಾಳಾಗಿದೆ ಅಂತ ಮೊದಲು ನೋಡೋಣ.

ನಾನು: ಅಣ್ಣ, "ಸ್ವಲ್ಪ" ಅಂದೆಯಲ್ಲ, ಆ ಸ್ವಲ್ಪದ ಲೆಕ್ಕ ಕೇಳು. ಈ ಪಿಸ್ತೂಲಿನ ಎರಡು ಸೈಟ್‌ಗಳ ನಡುವೆ ಹೆಚ್ಚೂಕಡಿಮೆ 33 ಸೆಂ.ಮೀ. ಇದೆ. ಟಾರ್ಗೆಟ್ ಇರೋದು 10 ಮೀಟರ್ ದೂರದಲ್ಲಿ. ಸೈಟ್‌ನಲ್ಲಿ ಆದ ವ್ಯತ್ಯಾಸ ಅಲ್ಲಿಗೆ ಹೋಗುವಷ್ಟರಲ್ಲಿ 30 ಪಟ್ಟು ಆಗಿರುತ್ತದೆ. ನೀನು ಉಜ್ಜಿಸಿದ್ದು ಬರೀ 1 ಮಿ.ಮೀ. ಅಂತಿಟ್ಟುಕೋ. ಅಲ್ಲಿ ಅದು 3 ಸೆಂ.ಮೀ. ಕಪ್ಪು ವೃತ್ತದ ಅಡ್ಡಗಲವೇ 59.5 ಮಿ.ಮೀ. ನಡುವಿನಿಂದ 3 ಸೆಂ.ಮೀ. ಮೇಲೆ ಹೋದರೆ ಪೆಲೆಟ್ ಕಪ್ಪಿನ ಅಂಚಿಗೇ ಬೀಳುತ್ತದೆ, ಸಿಗೋದು 7. ಇನ್ನು 10ರ ವೃತ್ತ 11.5 ಮಿ.ಮೀ. ಮಾತ್ರ, ಶರ್ಟಿನ ಗುಂಡಿಯಷ್ಟು. ಮಗು ಕೈ ಚೂರೂ ಅಲ್ಲಾಡಿಸದೆ ಹೊಡೆದಿದ್ದಾಳೆ, ಒಂದರ ಪಕ್ಕ ಒಂದು ಬಿದ್ದಿವೆ ಅಂತ ಅವಳೇ ಹೇಳ್ತಿದ್ದಾಳೆ. ತಪ್ಪು ಅವಳ ಕೈಯಲ್ಲಿಲ್ಲ.

ಅಣ್ಣ: ಅದಕ್ಕೇ ಕೆಳಗೆ ಹಿಡಿ ಅಂದೆ.

ನಾನು: ಎಲ್ಲಿಗೆ ಹಿಡಿಯಬೇಕು? ಅವಳು ಈಗಲೇ ಕಪ್ಪಿನ ಕೆಳಗೆ ಒಂದು ಬಿಳಿ ಪಟ್ಟಿ ಬಿಟ್ಟು ಹಿಡಿಯೋದು. ಆ ಪಟ್ಟಿ ಎಷ್ಟಿರಬೇಕು ಅಂತ ಅವಳ ಕಣ್ಣಿಗೆ ರೂಢಿಯಾಗಿದೆ. ಇನ್ನೂ 2-3 ಸೆಂ.ಮೀ. ಕೆಳಗೆ ಇಳಿದರೆ ಬರೀ ಬಿಳಿ ಕಾಗದ. ಅಲ್ಲಿ ಕಣ್ಣಿಗೆ ಆಸರೆ ಅನ್ನೋದೇ ಇಲ್ಲ. ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ.

ಅಣ್ಣ: ಸೈಟ್ ಗಿಡ್ಡ ಆದರೆ ಪೆಲೆಟ್ ಕೆಳಗೆ ಹೋಗಬೇಕಲ್ವಾ? ಲೇತ್ ಅಂಗಡಿಯವನೂ ಹಾಗೇ ಅಂದ.

ದೊಡ್ಡಪ್ಪ: ತಪ್ಪು. ಹಿಂದಿನ ಕಚ್ಚಿನ ತಲೆಗೆ ಮುಂದಿನ ಬ್ಲೇಡಿನ ತಲೆ ಸಮ ತರಬೇಕು. ಬ್ಲೇಡ್ ಗಿಡ್ಡ ಆದರೆ ಬ್ಯಾರೆಲ್ ಮೂತಿ ಎತ್ತದೆ ಸಮ ಬರೋದಿಲ್ಲ. ಮೂತಿ ಎತ್ತಿದರೆ ಪೆಲೆಟ್ ಮೇಲೆ.

ಪುಟ್ಟಿ: ತಾತ, ರಿಯರ್ ಸೈಟ್‌ನ ಕಚ್ಚೂ ಅಗಲ ಆಗಿದೆ. ಮೊದಲು ಬ್ಲೇಡಿನ ಎರಡು ಪಕ್ಕ ಸಣ್ಣ ಬೆಳಕಿನ ಗೆರೆ ಕಾಣ್ತಿತ್ತು. ಈಗ ಕಿಟಕಿ ತೆಗೆದ ಹಾಗೆ ಇದೆ.

ಭಾವ: ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ಲೇಡಿನ ತಲೆ ಒಂದು ಕಡೆಗೆ ವಾಲಿದೆ. ಕೈಯಲ್ಲೇ ಅರ ಹಾಕಿದ್ದಾರೆ, ವೈಸ್‌ಗೆ ಹಿಡಿದಿಲ್ಲ. ಕಡ್ಡಿ ಅಂಟಿಸಿದ್ದು ಅರಲ್ಡೈಟ್ ಥರ ಇದೆ. ಪುಟ್ಟಿ, ರಿಯರ್ ಸೈಟ್‌ನ ಮುಂದೆ ಎರಡು ತೂತು ಕಾಣ್ತಿವೆಯಲ್ಲ, ಅದೇನು?

ಅಣ್ಣ: ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸೋ ಸೈಟ್) ಹಾಕೋಕೆ ರೈಲ್ ಕೂರಿಸಬೇಕು ಅಂತಿದ್ದೆ. ಡ್ರಿಲ್ ಬಿಟ್ ಮುರೀತು ಅಂತ ಅವನು ಅಷ್ಟಕ್ಕೇ ನಿಲ್ಲಿಸಿದ.

ಭಾವ: ಮುರಿದದ್ದೇ ಒಳ್ಳೇದಾಯ್ತು. ಆ ಜಾಗದ ಕೆಳಗೆ ಇರೋದು ಪಿಸ್ಟನ್ ಓಡಾಡೋ ಕೊಳವೆ. ಅದಕ್ಕೆ ತೂತು ಬಿದ್ದರೆ ಗಾಳಿ ನಿಲ್ಲೋದಿಲ್ಲ. ಪಿಸ್ತೂಲ್ ಮುಗೀತು. ಪುಟ್ಟಿ, ಲಿವರ್ ಎಳೆದಿಲ್ಲ, ಒಳಗೆ ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಬೆಂಕಿಕಡ್ಡಿ ಇಳಿಸಿ ನೋಡು.

ಪುಟ್ಟಿ: ನೋಡಿದೆ ಮಾಮ. ಕಡ್ಡಿಯ ಮದ್ದಿನ ತಲೆಯೂ ಪೂರ್ತಿ ಮುಳುಗಲ್ಲ. ಎರಡರಲ್ಲೂ ತಳ ಸಿಗುತ್ತೆ.

ಭಾವ: ಸದ್ಯ.

ದೊಡ್ಡಪ್ಪ: ಲೇತ್ ಅಂಗಡಿಗೆ ಕೊಡುವಾಗ ಲಿವರ್ ಎಳೆದು ಬಿಗಿದಿಟ್ಟಿರಲಿಲ್ಲ ತಾನೇ?

ಅಣ್ಣ: ಇಲ್ಲಪ್ಪ. ಅಷ್ಟು ತಿಳಿಯುತ್ತೆ.

ದೊಡ್ಡಪ್ಪ: ಇದು ಫೈನ್‌ವೆರ್ಕ್‌ಬಾವ್ 65. ಜರ್ಮನಿಯ ಓಬೆರ್ನ್‌ಡಾರ್ಫ್‌ನಲ್ಲಿ ಮಾಡಿದ್ದು, 1965ರಲ್ಲಿ ಬಂದ ಮಾಡೆಲ್. ಸ್ಪ್ರಿಂಗ್ ಪಿಸ್ತೂಲ್ ಆದರೂ ಕೈಗೆ ಒದೆ ಬರೋದಿಲ್ಲ. ಹೊಡೆದ ಕ್ಷಣ ಮೇಲಿನ ಭಾಗವೆಲ್ಲ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆ ನುಂಗಿಕೊಳ್ಳುತ್ತದೆ. ಟ್ರಿಗರ್ ಭಾರ 500 ಗ್ರಾಂಗೂ ಇಡಬಹುದು, 1360 ಗ್ರಾಂಗೂ ಇಡಬಹುದು. ನಾನು ಕೊಂಡಾಗಲೇ ಸೆಕೆಂಡ್ ಹ್ಯಾಂಡ್. ಕೊಟ್ಟವರು ಆಟ ಬಿಡುವ ದಿನ ಪೆಟ್ಟಿಗೆ ಸಮೇತ ನನ್ನ ಕೈಗಿಟ್ಟರು. ಒಂದು ಗೀರು ಇರಲಿಲ್ಲ. ಜಾರುವ ಆ ಭಾಗದ ಮೇಲೆ ರೈಲ್, ಅದರ ಮೇಲೆ ಡಾಟ್ ಅಂತ ಭಾರ ಹೇರಿದರೆ ಅದರ ಓಟವೇ ಬದಲಾಗುತ್ತದೆ. ಇದೊಂದು ಗಾಡಿ ಅಲ್ಲ ಮಗನೇ, ಕ್ಯಾರಿಯರ್ ಹಾಕಿಸೋಕೆ.

ಅತ್ತಿಗೆ: ಮಾವ, ಒಂದು ಮಾತು. ಇವರು ಶೋಕಿಗೆ ಮಾಡಿಸಿದ್ದಲ್ಲ. ಒಂದು ವರ್ಷದಿಂದ ಮುಂದಿನ ಸೈಟ್ ಮಸುಕು ಅಂತ ಹೇಳ್ತಾನೇ ಇದ್ದರು. ಭಾನುವಾರ ರೇಂಜ್‌ನಿಂದ ಬಂದರೆ ತಲೆನೋವು. ಬಿಟ್ಟುಬಿಡ್ತೀನಿ ಅಂತ ಎರಡು ಸಲ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಣ್ಣ: ಅದನ್ನೆಲ್ಲ ಯಾಕೆ ಹೇಳ್ತೀಯ ಇಲ್ಲಿ.

ನಾನು: ಅತ್ತಿಗೆ, ಹೇಳಿದ್ದು ಒಳ್ಳೇದಾಯ್ತು. ಅಣ್ಣ, ನೀನು ಆಟ ಬಿಡೋದು ನನಗೆ ಬೇಡವೇ ಬೇಡ. ಆದರೆ ಮಸುಕು ಇರೋದು ಕಣ್ಣಿನಲ್ಲಿ. ಬ್ಲೇಡಿಗೆ ಅರ ಹಾಕಿದರೆ ಅದು ಹೋಗುತ್ತಾ? ನಲವತ್ತು ದಾಟಿದ ಮೇಲೆ ಕೈಚಾಚಿದಷ್ಟು ದೂರದ್ದು ಮಸುಕಾಗೋದು ಎಲ್ಲರಿಗೂ ಬರುತ್ತದೆ. ಅದಕ್ಕೆ ದಾರಿ ಇದೆ. ನಿನ್ನ ದೂರದ ಕನ್ನಡಕದ ಪವರ್‌ಗೆ +0.50 ಅಥವಾ +0.75 ಸೇರಿಸಿ ಹೊಡೆಯೋ ಕಣ್ಣಿಗೆ ಒಂದು ಲೆನ್ಸ್ ಮಾಡಿಸು. ಓದುವ ಕನ್ನಡಕ ಹಾಕಿಕೊಂಡು ಹೊಡೀಬೇಡ, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಬ್ಲೇಡ್ ಚೂಪಾಗಿ ಕಾಣಬೇಕು, ಟಾರ್ಗೆಟ್ ಸ್ವಲ್ಪ ಮಸುಕಾಗಿರಲಿ, ಅದು ಹಾಗೇ ಇರಬೇಕು. ಕನ್ನಡಕದ ಅಂಗಡಿಗೆ ಹೋಗುವಾಗ ತೋಳು ಚಾಚಿ ತೋರಿಸು, ಇಷ್ಟು ದೂರದಲ್ಲಿ ಸ್ಪಷ್ಟ ಕಾಣಬೇಕು ಅಂತ.

ದೊಡ್ಡಪ್ಪ: ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನಿಗೆ 2013ರಲ್ಲಿ ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯು ಆಗಿತ್ತು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದ. ನೀನು ಮಸುಕಿಗೆ ಹೆದರಬೇಡ.

ತಮ್ಮ: ನನ್ನದೊಂದು ಸಲಹೆ. ರೆಡ್ ಡಾಟನ್ನೇ ಸರಿಯಾಗಿ ಕೂರಿಸಿದರೆ ಹೇಗೆ? ಅಣ್ಣನಿಗೂ ಆಯ್ತು, ಪುಟ್ಟಿ ಪ್ರಾಕ್ಟೀಸಿಗೂ ಆಯ್ತು. ಮ್ಯಾಚ್ ದಿನ ಕ್ಲಬ್ಬಿನ ಪಿಸ್ತೂಲ್ ಕೇಳಿದರಾಯ್ತು.

ನಾನು: ಬೇಡ ಕಣೋ. ಮ್ಯಾಚ್‌ನಲ್ಲಿ ತೆರೆದ ಸೈಟ್ ಮಾತ್ರ ಬಿಡ್ತಾರೆ. ಡಾಟ್, ಲೇಸರ್, ಟೆಲಿಸ್ಕೋಪ್ ಯಾವುದೂ ನಡೆಯೋದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಭ್ಯಾಸದ್ದು. ಡಾಟ್ ಇದ್ದರೆ ಕಣ್ಣು ಟಾರ್ಗೆಟ್ ಮೇಲಿರುತ್ತದೆ. ತೆರೆದ ಸೈಟ್‌ನಲ್ಲಿ ಕಣ್ಣು ಬ್ಲೇಡಿನ ಮೇಲೇ ಇರಬೇಕು, ಟ್ರಿಗರ್ ಬಿಡುವ ಕೊನೇ ಕ್ಷಣದವರೆಗೂ. ಈ ಮಗು ಎರಡು ವರ್ಷದಿಂದ ಕಲಿಯುತ್ತಿರೋದು ಅದೊಂದನ್ನೇ. ವಾರಪೂರ್ತಿ ಒಂದು ಅಭ್ಯಾಸ, ಮ್ಯಾಚ್ ದಿನ ಇನ್ನೊಂದು ಅಂದರೆ ಅವಳು ಏನು ಮಾಡಬೇಕು? ಗ್ರಿಪ್ಪೂ ಬೇರೆ, ಟ್ರಿಗರ್ರೂ ಬೇರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲ್ ಮಧ್ಯದಲ್ಲೇ ಕೈಕೊಟ್ಟಿತು, ರಿಪೇರಿಗೆ ಸಮಯ ಹೋಯ್ತು. 575 ಹೊಡೆದರೂ 12ನೇ ಸ್ಥಾನ, ಫೈನಲ್ ಇಲ್ಲ. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದಳು. ಕೈಯಲ್ಲಿರೋದು ಸರಿ ಇಲ್ಲದಿದ್ದರೆ ಎಂಥವರಿಗೂ ಕಷ್ಟ.

ತಮ್ಮ: ಹಾಗಾದರೆ ಹೊಸದೇ ತಗೊಳ್ಳೋಣ. ಈಗ ಎಲ್ಲರೂ ಗಾಳಿ ಸಿಲಿಂಡರಿನ ಪಿಸ್ತೂಲೇ ಹಿಡಿಯೋದು.

ಅಣ್ಣ: ನಾನೂ ಅದನ್ನೇ ಹೇಳಬೇಕು ಅಂತಿದ್ದೆ. ಇದನ್ನು ಮಾರಿಬಿಡೋಣ.

ನಾನು: ಲಕ್ಷಕ್ಕಿಂತ ಜಾಸ್ತಿ ಆಗುತ್ತದೆ. ಪುಟ್ಟಿಗೆ ಮುಂದೊಂದು ದಿನ ಬೇಕೇ ಬೇಕು, ಆಗ ಎಲ್ಲರೂ ಸೇರಿ ಕೊಡಿಸೋಣ, ನಾನು ಮೊದಲು ಕೊಡ್ತೀನಿ. ಆದರೆ ಕೆಡಿಸಿದ್ದನ್ನು ಹಾಗೇ ಇನ್ನೊಬ್ಬರ ತಲೆಗೆ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಕೊಂಡವನು ಇದನ್ನು ಯಾವುದೋ ಮಗುವಿನ ಕೈಗೇ ಕೊಡ್ತಾನೆ.

ದೊಡ್ಡಪ್ಪ: ಮಾರೋ ಮಾತು ನಾನಿರೋವರೆಗೆ ಬೇಡ.

ಭಾವ: ಮಾರೋದೂ ಬೇಡ, ಎಸೆಯೋದೂ ಬೇಡ. ಇದು ಸರಿಯಾಗೋ ಕೆಲಸ. ಕೇಳಿ. ಹಳೇ ಬ್ಲೇಡಿನ ಮೇಲೆ ವೆಲ್ಡಿಂಗ್ ಮಾಡಿ ಎತ್ತರಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಸಿಗೆ ಸುತ್ತಲಿನ ಕಪ್ಪು ಫಿನಿಶ್ ಸುಟ್ಟು ಹೋಗುತ್ತದೆ, ಬ್ಲೇಡ್ ಸೊಟ್ಟ ಆಗುತ್ತದೆ. ಫ್ರಂಟ್ ಸೈಟ್ ಬಿಚ್ಚಿ ಬರುತ್ತದೆ. ಅದರ ಬುಡ ಚೆನ್ನಾಗಿದೆ, ಅರ ಬಿದ್ದಿರೋದು ತಲೆಗೆ ಮಾತ್ರ. ಬುಡದ ಅಳತೆ ವರ್ನಿಯರ್‌ನಲ್ಲಿ ಹಿಡಿದು ಹೊಸದೊಂದನ್ನು ಪೀಣ್ಯದಲ್ಲಿ ವೈರ್ ಕಟ್ (ತಂತಿಯಿಂದ ಲೋಹ ಕತ್ತರಿಸೋ ಮೆಷಿನ್) ಮಾಡಿಸ್ತೀನಿ. ನಮ್ಮ ಟೂಲ್ ರೂಮಿನ ಪಕ್ಕದಲ್ಲೇ ಮೆಷಿನ್ ಇದೆ.

ಭಾವ: ಎತ್ತರ ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಜಾಸ್ತಿ ಇಡೋಣ. ರಿಯರ್ ಸೈಟ್‌ನ ಸ್ಕ್ರೂ ನಡುಮಧ್ಯಕ್ಕೆ ತರೋಣ. ಆಗ ಪೆಲೆಟ್ ಕೆಳಗೆ ಬೀಳುತ್ತದೆ, ಬೀಳಲಿ. ರೇಂಜ್‌ಗೇ ಅರ ತಗೊಂಡು ಹೋಗಿ ಒಂದೆರಡು ಎಳೆ ತೆಗೆಯೋದು, ಪುಟ್ಟಿ ಐದು ಹೊಡೆಯೋದು, ನೋಡೋದು. ಮತ್ತೆ ಒಂದೆರಡು ಎಳೆ. ಲೋಹ ತೆಗೆಯಬಹುದು, ವಾಪಸ್ ಹಾಕೋಕೆ ಆಗೋದಿಲ್ಲ, ಅದಕ್ಕೇ ಈ ನಿಧಾನ. ನಡುವಿಗೆ ಬಂದಾಗ ನಿಲ್ಲಿಸೋದು. ಸ್ಕ್ರೂಗೆ ಆಗ ಎರಡೂ ಕಡೆ ಜಾಗ ಇರುತ್ತದೆ. ರೇಂಜ್ ಬದಲಾದರೆ, ಬೆಳಕು ಬದಲಾದರೆ ಅವಳೇ ತಿರುಗಿಸಿಕೊಳ್ತಾಳೆ.

ನಾನು: ಭಾವ, ಬ್ಲೇಡಿನಲ್ಲಿ ಅವಳ ಕಡೆ ತಿರುಗಿರೋ ಮುಖ?

ಭಾವ: ಅದನ್ನು ನೇರ ಬಿಡೋದಿಲ್ಲ. ತಲೆ ಅವಳ ಕಡೆಗೆ ಕೂದಲೆಳೆಯಷ್ಟು ಬಾಗಿರಲಿ, ಬುಡ ಒಳಕ್ಕೆ. ಮೇಲಿನ ಬೆಳಕು ಬಿದ್ದರೂ ಹೊಳೆಯೋದಿಲ್ಲ. ರಿಯರ್‌ಗೆ ತೆಳು ಪ್ಲೇಟಿನಲ್ಲಿ ಹೊಸ ಕಚ್ಚು ಕತ್ತರಿಸಿ ಕೂರಿಸ್ತೀನಿ. ಕಚ್ಚಿನ ಮೂಲೆ ಚೌಕವಾಗಿರಬೇಕು, ಈಗ ದುಂಡಗಾಗಿದೆ.

ದೊಡ್ಡಪ್ಪ: ಹೊಳಪಿಗೆ ಕರ್ಪೂರ. ಬ್ಲೇಡ್ ಬಿಚ್ಚಿಕೊಂಡು ಕರ್ಪೂರದ ಹೊಗೆಗೆ ಹಿಡಿಯಿರಿ. ಮಸಿ ಕೂತರೆ ಅಂಥ ಕಪ್ಪು ಯಾವ ಬಣ್ಣದಲ್ಲೂ ಬರೋದಿಲ್ಲ. ಬೆರಳು ತಾಗಿಸಬಾರದು ಅಷ್ಟೆ. ನಾವು ಪ್ರತಿ ಮ್ಯಾಚಿಗೂ ಹಾಗೇ ಮಾಡ್ತಿದ್ದೆವು. ದೇವರ ಗೂಡಿನಲ್ಲಿ ಡಬ್ಬಿ ಇರುತ್ತಲ್ಲ.

ಪುಟ್ಟಿ: ತಾತ, ನಿಜವಾಗ್ಲೂ? ಕೋಚ್ ಹತ್ತಿರ ಸ್ಪ್ರೇ ಇದೆ.

ದೊಡ್ಡಪ್ಪ: ಎರಡೂ ಮಾಡಿ ನೋಡು.

ಅಣ್ಣ: ತೂತುಗಳಿಗೆ ಏನು ಮಾಡೋದು? ಎಂ-ಸೀಲ್ ತುಂಬಿ ಬಣ್ಣ ಹೊಡೆಸಲಾ?

ಭಾವ: ತುಂಬೋದು ಬೇಡ. ತುಕ್ಕು ಹಿಡಿಯದ ಹಾಗೆ ಒಂದು ಹನಿ ಎಣ್ಣೆ ಸಾಕು. ಆಳ ಇಲ್ಲ, ಅವುಗಳಿಂದ ತೊಂದರೆ ಇಲ್ಲ.

ಅಣ್ಣ: ನೋಡೋಕೆ ಕೆಟ್ಟದಾಗಿದೆ ಅಂತ.

ನಾನು: ಇರಲಿ ಬಿಡು ಅಣ್ಣ. ನೋಡೋಕೆ ಚೆನ್ನಾಗಿರಲಿ ಅಂತ ಇನ್ನೊಂದು ಸಲ ಯಾರ ಕೈಗೋ ಕೊಡೋದು ಬೇಡ. ಅರ ಬಿದ್ದ ಹಳೇ ಬ್ಲೇಡನ್ನೂ ಎಸೆಯಬೇಡಿ, ಪೆಟ್ಟಿಗೆಯಲ್ಲೇ ಇರಲಿ. ಬುಡದ ಅಳತೆ ಮುಂದೆ ಯಾರಿಗಾದರೂ ಬೇಕಾಗುತ್ತದೆ. ಇನ್ನೊಂದು ಮಾತು, ಇದನ್ನು ಎಲ್ಲರೂ ಒಪ್ಪಲೇಬೇಕು. ಗ್ರಿಪ್ಪಿಗೆ ಮರದ ಫಿಲ್ಲರ್ ಮೆತ್ತೋದು, ಸ್ಕ್ರೂ ತಿರುಗಿಸೋದು, ಟ್ರಿಗರ್ ಭಾರ ಬದಲಾಯಿಸೋದು, ಇವೆಲ್ಲ ವಾಪಸ್ ತರಬಹುದಾದ ಕೆಲಸ, ಮಾಡಿಕೊಳ್ಳಿ. ಅರ, ಡ್ರಿಲ್, ವೆಲ್ಡಿಂಗ್ ಅಂದರೆ ಮೊದಲು ಇಲ್ಲಿ ಹಾಕಿ. ಎಲ್ಲರೂ ಹೂಂ ಅಂದ ಮೇಲೆ ಮಾತ್ರ.

ತಮ್ಮ: ಹೂಂ.

ಅತ್ತಿಗೆ: ಸರಿ.

ಅಣ್ಣ: ಆಯ್ತು. ಆದರೆ ನನ್ನ ಮಾತೂ ಒಂದಿದೆ. ಸರಿಯಾದ ಮೇಲೆ ಪುಟ್ಟಿ ಹತ್ತಿರವೇ ಉಳಿದುಬಿಡಬಾರದು. ಭಾನುವಾರ ನನಗೂ ಬೇಕು. ಲೆನ್ಸ್ ಮಾಡಿಸ್ತೀನಿ. ಬ್ಲೇಡ್, ಪ್ಲೇಟಿನ ಖರ್ಚು ಪೂರ್ತಿ ನನ್ನದು, ಯಾರೂ ಕೊಡಬೇಡಿ.

ನಾನು: ಭಾನುವಾರ ನಿನ್ನದೇ. ರಾಜ್ಯ ಮಟ್ಟದ ಮ್ಯಾಚ್ ಇರೋ ತಿಂಗಳು ಮಾತ್ರ ಅವಳಿಗೆ ಬಿಟ್ಟುಕೊಡು.

ಅಣ್ಣ: ಅದೇನು ಕೇಳೋದು.

ಭಾವ: ಶನಿವಾರ ಮೆಷಿನ್ ಖಾಲಿ ಇದೆ. ಬ್ಲೇಡಿನ ಅಗಲ ಇವತ್ತೇ ಬೇಕು. ಮೊದಲಿದ್ದದ್ದು 4 ಮಿ.ಮೀ. ಅಂತ ಮಾವ ಹೇಳಿದರು. ಪುಟ್ಟಿ, ನಿನಗೆ ಅಷ್ಟೇ ಸಾಕಾ, 4.5 ಮಾಡಲಾ?

ಪುಟ್ಟಿ: ಕ್ಲಬ್ಬಿನದ್ದು 4.5 ಮಾಮ. ಅದರಲ್ಲಿ ಬ್ಲೇಡ್ ಬೇಗ ಕಣ್ಣಿಗೆ ಸಿಗುತ್ತೆ. ಆದರೆ ಪಕ್ಕದ ಬೆಳಕು ಕಮ್ಮಿ ಅನ್ನಿಸುತ್ತೆ.

ಭಾವ: ಕಚ್ಚು ಹೊಸದು ತಾನೇ, ಅದನ್ನು ಅದಕ್ಕೆ ತಕ್ಕ ಹಾಗೆ ಕತ್ತರಿಸ್ತೀನಿ.

ಪುಟ್ಟಿ: ಹಾಗಾದ್ರೆ 4.5. ಭಾನುವಾರ ಹೊಡೆಯೋ ದೊಡ್ಡಪ್ಪನಿಗೂ ಕಾಣುತ್ತೆ.

ಅಣ್ಣ: 4.5 ಮಾಡಿ ಭಾವ. ಪೆಟ್ಟಿಗೆ ನಾನೇ ತಂದುಕೊಡ್ತೀನಿ ಪೀಣ್ಯಕ್ಕೆ.